ತೆಂಗಿನ ಪಾತಿಗೆ ಬಂದಿಳಿದವರು

ಭರಣಿ ಮಳೆ ಒಂದು ಹದ ಹುಯ್ದರೆ ತಿಪಟೂರು ಸೀಮೆಯಲ್ಲಿ ತಿಪ್ಪೆ ಎತ್ತುವ ಕೆಲಸ ಶುರು. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ರಾಗಿ ಕೂಳೆ, ಕೊಳೆತ ಸೋಗೆ ಎಲ್ಲ ವರ್ಷವಿಡೀ ಬಿದ್ದು ಕಪ್ಪಾದ ರಾಶಿ. ಅದಕ್ಕೆ ಗುದ್ದಲಿ ಹಾಕುತ್ತಿದ್ದಂತೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಮುದುರಿಕೊಂಡೇ ಉರುಳಿ ಬೀಳುತ್ತವೆ. ಕಂದು ತಲೆ, ತಲೆಯ ಹಿಂದೆಯೇ ಆರು ಮೋಟು ಕಾಲು, ಹೊಟ್ಟೆಯೊಳಗಿನ ಗೊಬ್ಬರವೂ ಬೂದುಬಣ್ಣವಾಗಿ ಕಾಣುವಷ್ಟು ತೆಳುವಾದ ಚರ್ಮ. ಮನೆಯ ಕೋಳಿಗಳಿಗೆ ಅವತ್ತು ಹಬ್ಬ. ಕೋಳಿ ಬಿಟ್ಟದ್ದನ್ನು ಕಾಗೆ ಹೆಕ್ಕುತ್ತದೆ, ಕಾಗೆಯೂ ಬಿಟ್ಟದ್ದು ಗೊಬ್ಬರದ ಜೊತೆ ಟ್ರ್ಯಾಕ್ಟರ್ ಹತ್ತಿ ತೋಟಕ್ಕೆ ಹೋಗುತ್ತದೆ. ಯಾರೂ ಇದನ್ನು ದೊಡ್ಡ ವಿಷಯ ಮಾಡುವುದಿಲ್ಲ.

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಇದೇ ಹುಳುವಿನ ವಾಸನೆ ಹಿಡಿಯಲೆಂದು ನಾಯಿಗಳಿಗೆ ತರಬೇತಿ ಕೊಟ್ಟಿದ್ದಾರೆ.

ಇದು ಕೊಂಬಿನ ದುಂಬಿಯ ಮರಿ. ನಾಲ್ಕಾರು ತಿಂಗಳು ಗೊಬ್ಬರ ತಿಂದು ಬೆಳೆದು, ಕೋಶ ಕಟ್ಟಿ, ಕೊನೆಗೆ ಮೂಗಿನ ಮೇಲೊಂದು ಕೊಂಬು ಹೊತ್ತ ಕರಿ ದುಂಬಿಯಾಗಿ ರಾತ್ರಿ ಹಾರಿ ಹೋಗಿ ತೆಂಗಿನ ಸುಳಿ ಕೊರೆಯುತ್ತದೆ. ಸುಳಿಯೊಳಗೆ ಮಡಿಸಿಕೊಂಡಿದ್ದ ಎಳೆಗರಿ ಬಿಚ್ಚಿದಾಗ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದಂತೆ ಕಾಣುವುದು ಈ ಮಹಾಶಯನ ಸಹಿ. ಮರ ಹತ್ತಿ ಕಬ್ಬಿಣದ ಕೊಕ್ಕೆಯಿಂದ ಚುಚ್ಚಿ ಎಳೆಯುವುದು, ಎಳೆಯ ಗಿಡವಾದರೆ ಸುಳಿಯ ಪಕ್ಕದ ಗರಿಸಂದಿಯಲ್ಲಿ ಮೂರು ನುಸಿಗುಳಿಗೆ ಇಟ್ಟು ಮೇಲೆ ಮರಳು ತುಂಬುವುದು, 45 ದಿನಕ್ಕೊಮ್ಮೆ ಗುಳಿಗೆ ಬದಲಿಸುವುದು: ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರಿಗೆ ಇದೆಲ್ಲ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ದುಂಬಿ ಇಲ್ಲಿಯದೇ. ದಕ್ಷಿಣ ಏಷ್ಯಾದಿಂದ ಆಗ್ನೇಯ ಏಷ್ಯಾದವರೆಗೆ ಅದರ ತವರು. ಇಲ್ಲಿ ಅದಕ್ಕೆ ಅಂಟುವ ಶಿಲೀಂಧ್ರವಿದೆ, ಬಡಿಯುವ ರೋಗವಿದೆ, ಹೆಕ್ಕಿ ತಿನ್ನುವ ಹಕ್ಕಿಯಿದೆ. ಮರವೂ ದುಂಬಿಯೂ ಹೇಗೋ ಹೊಂದಿಕೊಂಡು ಬಂದಿವೆ.

ಅದೇ ದುಂಬಿ ಹಡಗು ಹತ್ತಿದಾಗ ಕತೆಯೇ ಬೇರೆಯಾಯಿತು. 1909ರಲ್ಲಿ, ಆಗ ಜರ್ಮನರ ಆಳ್ವಿಕೆಯಲ್ಲಿದ್ದ ಸಮೋವಾ ದ್ವೀಪಕ್ಕೆ ಸಿಲೋನಿನಿಂದ ರಬ್ಬರ್ ಸಸಿಗಳು ಬಂದವು. ಸಸಿಯ ಜೊತೆ ಬುಡದ ಮಣ್ಣು, ಮಣ್ಣಿನ ಜೊತೆ ದುಂಬಿ. ಕೆಲವೇ ವರ್ಷಗಳಲ್ಲಿ ಅಲ್ಲಿನ ಆಡಳಿತ ಊರವರಿಗೆ ಹುಳು ಹೆಕ್ಕುವುದನ್ನು ಕಡ್ಡಾಯ ಮಾಡಬೇಕಾಯಿತು. ಮುಂದೆ ದುಂಬಿ ದ್ವೀಪದಿಂದ ದ್ವೀಪಕ್ಕೆ ದಾಟಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಪಲಾವು ದ್ವೀಪಸಮೂಹ ಮುಟ್ಟಿ ಹತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಅರ್ಧದಷ್ಟು ತೆಂಗನ್ನು ನುಂಗಿತು. 1963ರಲ್ಲಿ ಅಲೋಯ್ಸ್ ಹ್ಯೂಗರ್ ಎಂಬ ಜರ್ಮನ್ ವಿಜ್ಞಾನಿ ಮಲೇಷ್ಯಾದಲ್ಲಿ ಈ ಹುಳುಗಳನ್ನು ಕೊಲ್ಲುವ ವೈರಸ್ಸೊಂದನ್ನು ಕಂಡುಹಿಡಿದರು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟ ಮೇಲೆ ದುಂಬಿಯ ಹಾವಳಿ ಇಳಿಯಿತು. ಜೈವಿಕ ಕೀಟ ನಿಯಂತ್ರಣದ ಪಾಠಗಳಲ್ಲಿ ಇಂದಿಗೂ ಹೇಳುವ ಗೆಲುವು ಅದು. ಆದರೆ 2007ರಲ್ಲಿ ಗುವಾಮ್‌ನಲ್ಲಿ ಕಾಣಿಸಿಕೊಂಡ ದುಂಬಿಯ ತಳಿ ಆ ವೈರಸ್‌ಗೂ ಜಗ್ಗಲಿಲ್ಲ. 2013ರ ಕೊನೆಗೆ ಅದು ಹವಾಯಿಯಲ್ಲಿತ್ತು. 2015ರಲ್ಲಿ ಗುವಾಮ್‌ಗೆ ಚಂಡಮಾರುತ ಬಡಿದು ಮರಗಳು ಉರುಳಿದಾಗ ಕೊಳೆಯುವ ಕಾಂಡಗಳೇ ಹುಳುವಿಗೆ ತೊಟ್ಟಿಲಾದವು. ಇಲ್ಲಿನವರಿಗೂ ಇದು ಗೊತ್ತಿರುವ ಸಂಗತಿಯೇ. ಬರದ ವರ್ಷಗಳಲ್ಲಿ ಸುಳಿ ಒಣಗಿ ಸತ್ತ ಮರಗಳನ್ನು ಕಡಿಯಿಸಲು ಕೂಲಿ ಹೊಂದದೆ ಹಾಗೇ ಬಿಟ್ಟ ತೋಟಗಳಲ್ಲಿ ಮುಂದಿನ ವರ್ಷ ದುಂಬಿ ಹೆಚ್ಚುತ್ತದೆ.

ತೆಂಗಿಗೆ ಕೇಡು ಸದಾ ಹೊರಗಿನಿಂದಲೇ ಬರುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಗಟ್ಟಿಯಾಗಲು ಕಾರಣವೂ ಇದೆ. ಮೆಕ್ಸಿಕೋದ ಗೆರೆರೋ ಪ್ರಾಂತ್ಯದ ಕಾಯಿಗಳಲ್ಲಿ ಮೊದಲು ಗುರುತಿಸಿ 1965ರಲ್ಲಿ ಹೆಸರಿಟ್ಟ ನುಸಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಪತ್ತೆಯಾಯಿತು. ಅಲ್ಲಿಂದ ತಿಪಟೂರು ತಲುಪಲು ಅದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಕಾಯಿಯ ತೊಟ್ಟಿನಡಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಕಾಯಿ ಕಂದುಗಟ್ಟಿ, ಬಿರಿದು, ಕುಗ್ಗಿ, ಕೊಬ್ಬರಿ ಅಟ್ಟದ ಲೆಕ್ಕವನ್ನೇ ಬುಡಮೇಲು ಮಾಡಿತು. 2016ರಲ್ಲಿ ಪೊಳ್ಳಾಚಿ ಕಡೆ ಕಂಡ ಸುರುಳಿಯಾಕಾರದ ಬಿಳಿ ನೊಣ ಮಧ್ಯ ಅಮೆರಿಕದ್ದು. ಇವೆಲ್ಲ ಮರದ ಮೇಲಿನ ಪೀಡೆಗಳು. ಕಾಯಿ ನೋಡಿದರೆ, ಗರಿ ನೋಡಿದರೆ ತಿಳಿಯುತ್ತದೆ. ಪತ್ರಿಕೆಯಲ್ಲಿ ಬರುತ್ತದೆ, ಶಾಸಕರು ಸದನದಲ್ಲಿ ಮಾತಾಡುತ್ತಾರೆ.

ಬುಡದ ಮಣ್ಣಿಗೆ ಬಂದಿಳಿದವರ ಸುದ್ದಿ ಹಾಗಲ್ಲ. ಅವರಲ್ಲಿ ಒಬ್ಬರಿಗಂತೂ ಸರ್ಕಾರವೇ ಸಹಾಯಧನ ಕೊಟ್ಟು, ಸಿಮೆಂಟಿನ ಮನೆ ಕಟ್ಟಿಸಿ, ಮೇಲೆ ನೆರಳು ಹಾಕಿಸಿ ಬರಮಾಡಿಕೊಂಡಿತು.

ಯೂಡ್ರಿಲಸ್ ಯುಜೀನಿಯೆ ಎಂಬುದು ಆ ಅತಿಥಿಯ ಹೆಸರು. ಪಶ್ಚಿಮ ಆಫ್ರಿಕಾದ ಎರೆಹುಳು. ಕೆನ್ನೇರಳೆ ಮೈ, ಬಿಸಿಲಿಗೆ ಹಿಡಿದರೆ ನೀಲಿ ಹೊಳಪು, ಅಂಗೈಯಲ್ಲಿಟ್ಟರೆ ಚಂಗನೆ ನುಲಿಯುವ ಚುರುಕು. 1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಮತ್ತು ಸಂಗಡಿಗರು ಈ ಹುಳುವನ್ನು ಸಾಕಿ, ಎರೆಗೊಬ್ಬರ ಮಾಡುವ ಕ್ರಮವನ್ನು ಬೆಳೆಸಿ ಹೊಲದಲ್ಲಿ ಹಾಕಿ ನೋಡಿದರು. ಅಲ್ಲಿಂದ ಅದು ಕೃಷಿಮೇಳಗಳ ಮಳಿಗೆ, ಸಂಘಸಂಸ್ಥೆಗಳ ತರಬೇತಿ, ರೈತರಿಂದ ರೈತರಿಗೆ ಕೈಬದಲಾಗುವ ಬಕೆಟ್ಟುಗಳ ಮೂಲಕ ಊರೂರಿಗೆ ಹೋಯಿತು. 2005ರಲ್ಲಿ ಶುರುವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಎರೆಗೊಬ್ಬರದ ತೊಟ್ಟಿಗೆ ದುಡ್ಡು ಕೊಟ್ಟಿತು. ಉದ್ಯೋಗ ಖಾತ್ರಿಯ ಪಟ್ಟಿಯಲ್ಲೂ ತೊಟ್ಟಿ ಸೇರಿತು. ಜೊತೆಗೆ ಬಂದ ಇನ್ನೊಂದು ಹುಳು ಐಸೀನಿಯಾ ಫೆಟಿಡಾ, ಸಮಶೀತೋಷ್ಣ ದೇಶಗಳ ಕೆಂಪು ಹುಳು.

ತೆಂಗಿನ ಸೀಮೆಗೆ ಇದು ಹೇಳಿ ಮಾಡಿಸಿದ ತಂತ್ರವಾಗಿತ್ತು. ಒಂದು ಮರ ವರ್ಷಕ್ಕೆ ಹನ್ನೆರಡರಿಂದ ಹದಿನಾಲ್ಕು ಗರಿ ಉದುರಿಸುತ್ತದೆ. ಮನೆಗೆ ಸೋಗೆ ಹೊದಿಸುತ್ತಿದ್ದ ಕಾಲ ಹೋಯಿತು, ನೀರೊಲೆಗೆ ಎಡಮಟ್ಟೆ ಇಡುವ ಮನೆಗಳೂ ಕಡಿಮೆಯಾದವು. ಗ್ಯಾಸ್ ಬಂದ ಮೇಲೆ ತೋಟದಲ್ಲಿ ಗರಿ ರಾಶಿ ಬೀಳತೊಡಗಿತು. ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನೇ ಗೊಬ್ಬರ ಮಾಡುವ ವಿಧಾನ ರೂಪಿಸಿದಾಗ ಆರಿಸಿಕೊಂಡದ್ದು ಯೂಡ್ರಿಲಸ್ಸನ್ನೇ. ನಾರು ತುಂಬಿದ ಒರಟು ಗರಿ. ಬೇರೆ ಹುಳುಗಳು ಮೂಸಿ ಬಿಡುವ ಪದಾರ್ಥ. ಎರಡು ಮೂರು ವಾರ ಸಗಣಿ ಬಗ್ಗಡ ಚಿಮುಕಿಸಿ ಕೊಳೆಸಿ, ಟನ್ನಿಗೆ ಒಂದು ಕೆಜಿ, ಅಂದರೆ ಸುಮಾರು ಒಂದು ಸಾವಿರ ಹುಳು ಬಿಟ್ಟರೆ ಎರಡೂವರೆ ಮೂರು ತಿಂಗಳಲ್ಲಿ ಚಹಾಪುಡಿ ಬಣ್ಣದ ಗೊಬ್ಬರ. ಗಮನಿಸಬೇಕಾದ ಮಾತೊಂದಿದೆ: ಆ ಸಂಸ್ಥೆ ಬಳಸಿದ ತಳಿ ಆಫ್ರಿಕಾದಿಂದ ನೇರ ತರಿಸಿದ್ದಲ್ಲ, ಸ್ಥಳೀಯವಾಗಿ ಸಿಕ್ಕಿದ್ದು. ಅಂದರೆ ಅತಿಥಿ ಅಷ್ಟರಲ್ಲಾಗಲೇ ಒಕ್ಕಲಾಗಿತ್ತು.

ಇದೇ ತೊಟ್ಟಿಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಗರಿ ಕೊಳೆಯುವ, ತೇವ ಆರದ, ನೆರಳಿರುವ ಜಾಗವೆಂದರೆ ಕೊಂಬಿನ ದುಂಬಿಗೂ ಹೆರಿಗೆ ಮನೆ. ಎರೆಹುಳುವಿಗೆಂದು ಕಟ್ಟಿದ ತೊಟ್ಟಿಯಲ್ಲಿ ದುಂಬಿ ಮೊಟ್ಟೆಯಿಟ್ಟಿತು. ಗೊಬ್ಬರದ ಜೊತೆ ದುಂಬಿಯ ಮರಿಯನ್ನೂ ಸಾಕಿದಂತಾಯಿತು. ವಿಷ ಹಾಕಿದರೆ ಎರೆಹುಳು ಮೊದಲು ಸಾಯುತ್ತದೆ. ಕಾಸರಗೋಡಿನ ವಿಜ್ಞಾನಿಗಳು ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ತೊಟ್ಟಿಗೆ ಬೆರೆಸಿ ನೋಡಿದರು. ದುಂಬಿಯ ಮರಿಗಳು ಸತ್ತು, ಗಟ್ಟಿಯಾಗಿ, ಮೈತುಂಬ ಹಸಿರು ಬೂಷ್ಟು ಹಿಡಿದವು; ಎರೆಹುಳುಗಳು ತಮ್ಮ ಪಾಡಿಗೆ ತಾವು ತಿನ್ನುತ್ತಲೇ ಇದ್ದವು. 2006ರಲ್ಲಿ ಪ್ರಕಟವಾದ ಈ ಕೆಲಸ ತಿಪಟೂರಿನ ಪ್ರತಿ ತೊಟ್ಟಿಗೂ ಬೇಕಾದದ್ದು. ಶಿಲೀಂಧ್ರವನ್ನು ಅಕ್ಕಿಯ ಮೇಲೆ ಬೆಳೆಸಿಕೊಳ್ಳಬಹುದು. ಮನೆಮಟ್ಟದಲ್ಲಿ ಆಗುವ ಕೆಲಸ.

ಹೊರಗಿನ ಹುಳುವನ್ನು ಹೊಲಕ್ಕೆ ತರಬಹುದೇ ಎಂಬ ಪ್ರಶ್ನೆ ಎತ್ತಿದವರು ಮಾತ್ರ ವಿಜ್ಞಾನಿಗಳಿಗಿಂತ ಹೆಚ್ಚಾಗಿ ರೈತ ಶಿಬಿರಗಳ ವೇದಿಕೆ ಏರಿದವರು. ವಿದರ್ಭದ ಸುಭಾಷ್ ಪಾಳೇಕರ್ ಶೂನ್ಯ ಬಂಡವಾಳದ ಕೃಷಿಯನ್ನು ಹೊತ್ತು ಕರ್ನಾಟಕಕ್ಕೆ ಬಂದಾಗ ಎರೆಗೊಬ್ಬರದ ವಿರುದ್ಧ ಕಟುವಾಗಿ ಮಾತಾಡಿದರು. ಐಸೀನಿಯಾ ಎರೆಹುಳುವೇ ಅಲ್ಲ, ಅದು ಮಣ್ಣಿಗೆ ಕೇಡು ಮಾಡುವ ಪ್ರಾಣಿ ಎಂಬುದು ಅವರ ವಾದ. ಎಷ್ಟೋ ತೋಟಗಳಲ್ಲಿ ತೊಟ್ಟಿಗಳು ಖಾಲಿಯಾಗಿ ಅದರೊಳಗೆ ಅವರ ದ್ರವಗೊಬ್ಬರ ಜೀವಾಮೃತದ ಡ್ರಮ್ಮು ಬಂದು ಕೂತದ್ದಕ್ಕೆ ಈ ಮಾತಿನ ಪಾಲೂ ಇದೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಆ ವಾದ ನಿಲ್ಲುವುದಿಲ್ಲ. ಐಸೀನಿಯಾ ಅಪ್ಪಟ ಎರೆಹುಳು. ಅದು ಮಣ್ಣು ಉಳುವುದಿಲ್ಲ, ಮೇಲಿನ ಕಸ ತಿನ್ನುತ್ತದೆ, ಅಷ್ಟೆ. ಮೇಲ್ಪದರದ ಎಲ್ಲ ಹುಳುಗಳ ಸ್ವಭಾವವೂ ಅದೇ. ಆದರೆ ವಾದದ ಕೆಳಗಿರುವ ಅನುಮಾನವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಚೆನ್ನೈನ ಸುಲ್ತಾನ್ ಅಹಮದ್ ಇಸ್ಮಾಯಿಲ್ ಯಾವ ಅಬ್ಬರವೂ ಇಲ್ಲದೆ, ಲ್ಯಾಂಪಿಟೊ ಮತ್ತು ಪೆರಿಯೋನಿಕ್ಸ್ ಎಂಬ ಈ ನೆಲದ್ದೇ ಹುಳುಗಳಿಂದ ಗೊಬ್ಬರ ಮಾಡಿ ತೋರಿಸಿದವರು. ಪಾಳೇಕರರ ಜೀವಾಮೃತಕ್ಕೆ ಬೇಕಾದ ಒಂದು ಹಿಡಿ ಮಣ್ಣು ಕೂಡ ಅದೇ ಜಮೀನಿನ ಬದುವಿನದ್ದು.

ಲ್ಯಾಂಪಿಟೊ ಮಾರಿಟಿ ತಿಪಟೂರಿನಂಥ ಕೆಂಪು ನೆಲಕ್ಕೆ ಒಗ್ಗಿದ, ದಕ್ಷಿಣ ಭಾರತದ ಹೊಲಗಳಲ್ಲಿ ಎಲ್ಲೆಡೆ ಸಿಗುವ ಹುಳು. ಮಳೆ ನಿಂತ ಮಾರನೆಯ ಬೆಳಿಗ್ಗೆ ಪಾತಿಯಲ್ಲಿ ಗುಪ್ಪೆ ಗುಪ್ಪೆಯಾಗಿ ಹಿಕ್ಕೆ ಹಾಕಿ ಹೋಗುವುದರಲ್ಲಿ ಇದರ ಪಾಲು ದೊಡ್ಡದು. ಇದಕ್ಕೆ ಹೆಸರಿಟ್ಟವರಿಗೆ ಅದು ಮೊದಲು ಸಿಕ್ಕಿದ್ದು ಮಾರಿಷಸ್‌ನಲ್ಲಿ, 19ನೆಯ ಶತಮಾನದಲ್ಲಿ. ಭಾರತದ ಹುಳು ಹಿಂದೂ ಮಹಾಸಾಗರದ ನಡುವಿನ ದ್ವೀಪಕ್ಕೆ ಹೋಗಿ ಸೇರಿತ್ತು. ಅದೇ ಶತಮಾನದಲ್ಲಿ ಅದೇ ಮಾರಿಷಸ್‌ನಿಂದ ಇಲ್ಲಿಗೊಬ್ಬ ಬಂದ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ, ಚಿಪ್ಪುಜೀವಿಗಳ ಹುಚ್ಚಿನವರು, ಅಲ್ಲಿಂದ ಆಫ್ರಿಕಾದ ದೈತ್ಯ ಬಸವನಹುಳುಗಳನ್ನು ಕಲ್ಕತ್ತೆಗೆ ತಂದರು. ಚೌರಂಗಿಯ ತೋಟವೊಂದರಲ್ಲಿ ಬಿಟ್ಟ ಅವು ದೇಶ ತುಂಬಿದವು. ಕರ್ನಾಟಕದಲ್ಲಿ ಕೊಡಗಿನ ಶನಿವಾರಸಂತೆ ಕಡೆಯ ಕಾಫಿ ಬೆಳೆಗಾರರು ಮಳೆಗಾಲದಲ್ಲಿ ಇವುಗಳನ್ನು ಚೀಲಗಟ್ಟಲೆ ಆರಿಸಿ ಕೊಲ್ಲುತ್ತಾರೆ. ಒಂದೊಂದೂ ಗಂಡೂ ಹೌದು ಹೆಣ್ಣೂ ಹೌದು. ಒಂದು ಸಲಕ್ಕೆ ನೂರಾರು ಮೊಟ್ಟೆ, ಅದೂ ಮಣ್ಣಿನೊಳಗೆ. ಬೇಸಿಗೆ ಬಂದರೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ದೆ. ಸಸಿಯ ಕುಂಡದಲ್ಲಿ, ಮರಳಿನ ಲಾರಿಯಲ್ಲಿ, ಗೊಬ್ಬರದ ಚೀಲದಲ್ಲಿ ಈ ನಿದ್ದೆಯಲ್ಲೇ ಪ್ರಯಾಣ.

ಪಶ್ಚಿಮಘಟ್ಟದ ತೋಟಗಳಲ್ಲಿ ನೆಲೆಯೂರಿದ ಇನ್ನೊಂದು ಎರೆಹುಳು ಪಾಂಟೊಸ್ಕೋಲೆಕ್ಸ್. ಮೂಲ ದಕ್ಷಿಣ ಅಮೆರಿಕ. 1857ರಲ್ಲಿ ಬ್ರೆಜಿಲ್‌ನಲ್ಲಿ ಫ್ರಿಟ್ಸ್ ಮುಲ್ಲರ್ ಇದನ್ನು ವರ್ಣಿಸಿದರು. ಜೋಡಿಯಿಲ್ಲದೆ ಮರಿ ಮಾಡಬಲ್ಲದು, ಹಾಗಾಗಿ ಬೇರಿಗಂಟಿದ ಹೆಂಟೆಯಲ್ಲಿ ಒಂದು ಹುಳು, ಒಂದು ಕೋಶ ಬಂದರೂ ಸಂಸಾರ ಹೂಡುತ್ತದೆ. ಎರೆಹುಳು ಅಂದರೆ ರೈತನ ಮಿತ್ರ ಎಂದು ಶಾಲೆಯಲ್ಲಿ ಓದಿದವರು ಇದರ ಅಮೆಜಾನ್ ಕತೆಯನ್ನೂ ಕೇಳಬೇಕು. ಮನೌಸ್ ಪಟ್ಟಣದ ಬಳಿ ಕಾಡು ಕಡಿದು ಹುಲ್ಲುಗಾವಲು ಮಾಡಿದ ಜಾಗದಲ್ಲಿ ಬೇರೆ ಹುಳುಗಳೆಲ್ಲ ಅಳಿದು ಇದೊಂದೇ ಮಿತಿಮೀರಿ ಹೆಚ್ಚಿತು. ಇದರ ಹಿಕ್ಕೆಯೇ ಹೆಪ್ಪುಗಟ್ಟಿ ಮೇಲ್ಮಣ್ಣು ನೀರು ಇಂಗದಷ್ಟು ಗಟ್ಟಿಯಾಯಿತೆಂದು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಉತ್ತರ ಅಮೆರಿಕದ ಮಿನೆಸೋಟಾ ಕಾಡುಗಳಲ್ಲಿ ಹಿಮಯುಗದ ನಂತರ ಎರೆಹುಳುವೇ ಇರಲಿಲ್ಲ. ಮೀನು ಹಿಡಿಯುವವರು ಗಾಳಕ್ಕೆ ತಂದು, ಮಿಕ್ಕದ್ದನ್ನು ದಡದಲ್ಲಿ ಸುರಿದು ಹೋದ ಯುರೋಪಿನ ಹುಳುಗಳು ಅಲ್ಲಿನ ದಪ್ಪನೆಯ ತರಗೆಲೆ ಹಾಸನ್ನು ತಿಂದು ಮುಗಿಸುತ್ತಿವೆ. ಆ ಹಾಸನ್ನೇ ನಂಬಿದ್ದ ಹೂಗಿಡಗಳು ಹೋಗುತ್ತಿವೆ.

ಇಂಥ ಪ್ರಯಾಣದ ಅತ್ಯಂತ ಸ್ಪಷ್ಟ ಚಿತ್ರ ಸಿಗುವುದು ಜನವೇ ಇಲ್ಲದ ಶೀತ ದ್ವೀಪಗಳಲ್ಲಿ. ಅಂಟಾರ್ಕ್ಟಿಕ ಸಮೀಪದ ಸಿಗ್ನಿ ಎಂಬ ಪುಟ್ಟ ದ್ವೀಪ. 1960ರ ದಶಕದಲ್ಲಿ ಅಲ್ಲಿ ಬ್ರಿಟಿಷ್ ಸಂಶೋಧಕರು ದಕ್ಷಿಣ ಜಾರ್ಜಿಯಾದಿಂದ ಗಿಡ ತಂದು ನೆಟ್ಟು, ಬದುಕುತ್ತವೆಯೇ ಎಂದು ಪರೀಕ್ಷಿಸಿದರು. ಗಿಡದ ಬುಡದ ಮಣ್ಣಿನಲ್ಲಿ ರೆಕ್ಕೆ ಮೊಟಕಾದ ಒಂದು ಗುಂಗಾಡಿನ ಮರಿಗಳಿದ್ದವು. ಎರೆಟ್‌ಮಾಪ್ಟೆರಾ ಮರ್ಫಿ ಎಂದು ಅದರ ಹೆಸರು. ಹಾರಲಾರದು, ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲ. 1980ರ ದಶಕದಲ್ಲಿ ಗಮನಕ್ಕೆ ಬರುವ ಹೊತ್ತಿಗೆ ಅದು ನೆಲೆ ನಿಂತಿತ್ತು, ಮುಂದೆ ಸಂಶೋಧಕರ ಬೂಟಿಗಂಟಿಕೊಂಡೇ ಹಾದಿಗುಂಟ ಹರಡಿತು. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಜೆಸಮೀನ್ ಬಾರ್ಟ್‌ಲೆಟ್ ಅಲ್ಲಿನ ಮಣ್ಣು ಪರೀಕ್ಷಿಸಿದಾಗ ಹುಳುವಿದ್ದ ಕಡೆ ನೈಟ್ರೇಟು ಮೂರರಿಂದ ಐದು ಪಟ್ಟು ಹೆಚ್ಚಿತ್ತು. ಯೂರಿಯಾ ಮೂಟೆಗೆ ಸರದಿಯಲ್ಲಿ ನಿಲ್ಲುವವರಿಗೆ ಇದು ವರದಾನದಂತೆ ಕೇಳಿಸೀತು. ಆದರೆ ಅಲ್ಲಿನ ಹಾವಸೆ, ಕಲ್ಲುಹೂಗಳು ಬಡ ಮಣ್ಣಿನಲ್ಲೇ ಬದುಕಲು ಕಲಿತವು. ಗೊಬ್ಬರ ಹೆಚ್ಚಿದರೆ ಜಾಗ ಹೊರಗಿನ ಹುಲ್ಲಿನ ಪಾಲಾಗುತ್ತದೆ.

ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಕೆರ್ಗುಲೆನ್ ದ್ವೀಪಕ್ಕೆ 1913ರಲ್ಲಿ ಫಾಕ್‌ಲ್ಯಾಂಡ್‌ನಿಂದ ಕುರಿ ತಂದರು. ಕುರಿಯ ಮೇವಿನ ಜೊತೆ ನೆಲದಲ್ಲಿ ಓಡಾಡಿ ಬೇಟೆಯಾಡುವ ಒಂದು ಕರಿ ಜೀರುಂಡೆ ಬಂತು. ದಶಕಗಟ್ಟಲೆ ಇಳಿದ ರೇವಿನ ಸುತ್ತಮುತ್ತಲೇ ಇತ್ತು. ದ್ವೀಪ ಬೆಚ್ಚಗಾಗುತ್ತ ಬಂದಂತೆ ಹೊರಟಿತು. ಗಾಳಿಗೆ ಹೆದರಿ ರೆಕ್ಕೆಯನ್ನೇ ಬಿಟ್ಟುಕೊಟ್ಟಿದ್ದ ಅಲ್ಲಿನ ನೊಣಗಳು ಓಡಿ ತಪ್ಪಿಸಿಕೊಳ್ಳಲಾರದೆ ಅದಕ್ಕೆ ಆಹಾರವಾದವು.

ತೆಂಗಿನ ಸೀಮೆಯವರು ಈ ದ್ವೀಪಗಳ ಕತೆಯನ್ನು ದೂರದ ಸೋಜಿಗವೆಂದು ಓದಿ ಮಡಿಸಿಡಬೇಕಾಗಿಲ್ಲ. ಸಿಗ್ನಿಯಲ್ಲಿ, ಕೆರ್ಗುಲೆನ್‌ನಲ್ಲಿ ಇಷ್ಟು ಕಾಲ ಹೊರಗಿನವರನ್ನು ತಡೆದಿಟ್ಟದ್ದು ಚಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಆ ಕೆಲಸ ಮಾಡಿದ್ದು ಬಿಸಿಲು. ಮಾರ್ಚ್ ಏಪ್ರಿಲ್‌ನಲ್ಲಿ ಕಾದು ಬಿರಿಯುವ ಕೆಂಪು ನೆಲದಲ್ಲಿ ಆಫ್ರಿಕಾದ ಹುಳು ಒಂದು ದಿನ ಬಾಳದು. ಈ ನೆಲದ ಹುಳುವಾದರೆ ಬೇಸಿಗೆಗೆ ಮೊದಲೇ ಆಳಕ್ಕಿಳಿದು, ಸುರುಳಿ ಸುತ್ತಿ ಮಲಗಿ, ಮುಂಗಾರು ಹನಿದಾಗ ಮೇಲೆ ಬರುವುದನ್ನು ಬಲ್ಲದು. ಬರ ಎಂಬ ಶಾಪವೇ ಮಣ್ಣಿನೊಳಗಿನ ಬೇಲಿಯೂ ಆಗಿತ್ತು.

ಆ ಬೇಲಿಯನ್ನು ಬೆಳೆಗಾರ ತಾನೇ, ಬಹಳ ಒಳ್ಳೆಯ ಕಾರಣಕ್ಕೆ, ಅಲ್ಲಲ್ಲಿ ತೆಗೆಯುತ್ತಿದ್ದಾನೆ. ಮೂವತ್ತಡಿ ಅಂತರದ ಮರಗಳ ಸಾಲು. ಪ್ರತಿ ಬುಡದ ಸುತ್ತ ಆರಡಿ ಹರವಿನ ಪಾತಿ. ಪಾತಿಗೆ ಬೋರಿನ ನೀರೋ ಹೇಮಾವತಿ ನಾಲೆ ತುಂಬಿಸಿದ ಕೆರೆಯ ಒರತೆಯೋ ಡ್ರಿಪ್ ನಳಿಕೆಯಲ್ಲಿ ತೊಟ್ಟಿಕ್ಕುತ್ತದೆ. ಮೇಲೆ ಗರಿ, ಕುರುಂಬಳೆಯ ಹೊದಿಕೆ. ಕೆಳಗೆ ಐದಾರು ವರ್ಷ ತೇವ ಹಿಡಿದಿಡುವಂತೆ ಹೂತ ಮಟ್ಟೆ. ಸುತ್ತಲಿನ ನೆಲ ಬೆಂದು ಹೆಂಚಾಗಿದ್ದರೂ ಪಾತಿಯೊಳಗೆ ಕೈಯಿಟ್ಟರೆ ತಂಪು. ಬತ್ತಿದ ನೆಲದ ನಡುವೆ ಒಂದೊಂದು ಪಾತಿಯೂ ಒಂದೊಂದು ದ್ವೀಪ. ಎಕರೆಗೆ ನಲವತ್ತೆಂಟು, ಐವತ್ತು ದ್ವೀಪ. ಒಂದರಿಂದ ಇನ್ನೊಂದಕ್ಕೆ ಹುಳು ತೆವಳಿ ದಾಟಬೇಕಾಗಿಲ್ಲ. ಮಂಕರಿ, ಗುದ್ದಲಿ, ರೋಟವೇಟರ್ ದಾಟಿಸುತ್ತವೆ.

ಊರಿಂದ ಊರಿಗೂ ಮಣ್ಣು ಎಷ್ಟು ಓಡಾಡುತ್ತದೆ ಎಂಬುದನ್ನು ಬೇಸಿಗೆಯಲ್ಲಿ ಈ ರಸ್ತೆಗಳಲ್ಲಿ ನಿಂತವರು ನೋಡಬಹುದು. ಕೆರೆ ಒಣಗಿದರೆ ಗೋಡು ಹೊಡೆಸುವ ಸಂಭ್ರಮ. ಜೆಸಿಬಿ ಬಾಚಿ ತುಂಬಿದ ಕಪ್ಪು ಗೋಡು ಟಿಪ್ಪರ್‌ಗಳಲ್ಲಿ ತೋಟದಿಂದ ತೋಟಕ್ಕೆ. ಕುರಿಗೊಬ್ಬರದ ಲಾರಿಗಳು ಬೇರೆ ಜಿಲ್ಲೆಗಳಿಂದ ಬರುತ್ತವೆ. ಎರೆಗೊಬ್ಬರದ ಐವತ್ತು ಕೆಜಿ ಚೀಲದಲ್ಲಿ ಜರಡಿ ಹಿಡಿದ ಮೇಲೂ ಸಾಸಿವೆಗಿಂತ ಕೊಂಚ ದೊಡ್ಡ ಕಂದು ಕಾಳುಗಳು ಉಳಿದಿರುತ್ತವೆ. ಮುಷ್ಟಿಯಲ್ಲಿ ಹಿಡಿದು ಬೆಳಕಿಗೆ ನೋಡಿದರೆ ಎರಡೂ ತುದಿ ಚೂಪಾದ ಪುಟ್ಟ ಕೋಶ. ಒಂದೊಂದರಲ್ಲೂ ಎರಡು ಮೂರು ಮರಿ. ಚೀಲಕ್ಕೆ ದುಡ್ಡು ಕೊಟ್ಟವರಿಗೆ ಇವು ಉಚಿತ. ಕೆಲವು ಮಾರಾಟಗಾರರು ಅದನ್ನೇ ಹೆಮ್ಮೆಯಿಂದ ಹೇಳಿ ಮಾರುತ್ತಾರೆ.

ದೇಶದ ಗಡಿಯಲ್ಲಿ ಕಾನೂನು ಬಿಗಿಯಾಗಿದೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಹೊರದೇಶದ ಮಣ್ಣನ್ನು ಅನುಮತಿಯಿಲ್ಲದೆ ತರುವಂತಿಲ್ಲ. 2022ರಲ್ಲಿ ಸಂಸತ್ತು ಒಪ್ಪಿದ ಭಾರತೀಯ ಅಂಟಾರ್ಕ್ಟಿಕ ಕಾಯಿದೆ, ಮೈತ್ರಿ ಮತ್ತು ಭಾರತಿ ನೆಲೆಗಳಿರುವ ಖಂಡಕ್ಕೆ ಅಲ್ಲಿಯದಲ್ಲದ ಪ್ರಾಣಿ, ಸಸ್ಯ, ಸೂಕ್ಷ್ಮಜೀವಿಗಳನ್ನು ಒಯ್ಯುವುದಕ್ಕೂ ಲಗಾಮು ಹಾಕಿದೆ. ಅಂಟಾರ್ಕ್ಟಿಕಕ್ಕೆ ಹೋಗುವವರು ಬೂಟಿನ ಅಡಿಯನ್ನು ಬ್ರಷ್ಷಿನಿಂದ ಉಜ್ಜಿ, ಜೇಬಿನ ಮೂಲೆಗಳನ್ನೂ ಕೊಡವಿ ಹಡಗಿಳಿಯುತ್ತಾರೆ. ದೇಶದೊಳಗಿನ ಸಾಗಣೆಗೆ ತಡೆ ಹಾಕಲು 1914ರ ಕೀಟ ಮತ್ತು ಪೀಡೆ ಕಾಯಿದೆಯಲ್ಲಿ ಅವಕಾಶವಿದೆ, ಆದರೆ ಅದರ ಬಳಕೆ ಕೆಲವೇ ಕೀಟ, ರೋಗಗಳಿಗೆ. ಗೊಬ್ಬರದ ಲಾರಿಯನ್ನು ಹುಳುವಿಗಾಗಿ ತಡೆದು ನೋಡುವ ಚೆಕ್‌ಪೋಸ್ಟನ್ನು ಊಹಿಸಿಕೊಂಡರೆ ನಗು ಬರುತ್ತದೆ, ಅದು ಬೇಕಾಗಿಯೂ ಇಲ್ಲ. ಆದರೆ ಒಂದು ಕಾಗದ ಮಾತ್ರ ಬದಲಾಗಬಹುದಿತ್ತು. 2015ರಿಂದ ರೈತರಿಗೆ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕದಿಂದ ಬೋರಾನ್‌ವರೆಗೆ 12 ಅಂಶಗಳಿವೆ. ಹನ್ನೆರಡರಲ್ಲಿ ಒಂದೂ ಜೀವಿಯಲ್ಲ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ಸಿಕ್ಕ ಹುಳುಗಳನ್ನು ಎಣಿಸುವುದಕ್ಕೆ ಪ್ರಯೋಗಾಲಯವೂ ಬೇಡ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬರುವ ಶಾಲಾ ಮಕ್ಕಳು ಕೂಡ ಮಾಡಬಹುದು.

ಎರೆಗೊಬ್ಬರ ಬಿಡಬೇಕೆಂದು ಇದರರ್ಥವಲ್ಲ. ಗರಿ ಸುಡುವುದಕ್ಕಿಂತ ಹುಳುವಿಗೆ ಹಾಕುವುದು ಸಾವಿರ ಪಾಲು ಮೇಲು. ಆಫ್ರಿಕಾದ ಹುಳು ಕಸವಿದ್ದ ಕಡೆ ಮಾತ್ರ ಬಾಳುವ ಜೀವಿ, ಅದು ತೆಂಗಿನ ಬೇರು ತಿನ್ನುವುದಿಲ್ಲ, ಆಳದ ಹುಳುವಿನ ಮನೆಗೂ ಇಳಿಯುವುದಿಲ್ಲ. ತೊಟ್ಟಿಯಿಂದ ತೆಗೆದ ಗೊಬ್ಬರವನ್ನು ಗೋಪುರವಾಗಿ ರಾಶಿ ಹಾಕಿ ಒಂದು ದಿನ ಬಿಟ್ಟರೆ ಹುಳು ತಳಕ್ಕಿಳಿಯುತ್ತವೆ. ಅವನ್ನು ತೊಟ್ಟಿಗೇ ಮರಳಿಸಿ, ಗೊಬ್ಬರವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದರೆ ಕೋಶಗಳೂ ಬಹುಪಾಲು ಮನೆಯಲ್ಲೇ ಉಳಿಯುತ್ತವೆ. ಇದು ಉಳಿತಾಯದ ಲೆಕ್ಕವೂ ಹೌದು. ಹೆಚ್ಚು ಚಿಂತಿಸಬೇಕಾದದ್ದು ಜೋಡಿ ಬೇಡದ, ಮಣ್ಣನ್ನೇ ತಿನ್ನುವ ಪಾಂಟೊಸ್ಕೋಲೆಕ್ಸ್ ಜಾತಿಯ ಬಗ್ಗೆ. ಮಳೆ ಹೆಚ್ಚಿರುವ ಮಲೆನಾಡಿನ ಮಣ್ಣು ಅಡಿಕೆ, ಕಾಳುಮೆಣಸು, ಏಲಕ್ಕಿ ಸಸಿಗಳ ಪಾಲಿಥೀನ್ ಚೀಲದಲ್ಲಿ ಬಯಲುಸೀಮೆಯ ತೆಂಗಿನ ತೋಟಕ್ಕೆ ಬರುತ್ತಿದೆ. ತೆಂಗಿನ ನೆರಳಲ್ಲಿ ಅಡಿಕೆ, ಮೆಣಸು ಹಾಕುವ ಹುಮ್ಮಸ್ಸು ಹೆಚ್ಚಿದಷ್ಟೂ ಈ ಚೀಲಗಳೂ ಹೆಚ್ಚುತ್ತವೆ.

ತೆಂಗಿನ ಸಸಿಯ ವಿಷಯದಲ್ಲಿ ಮಾತ್ರ ಹಳಬರ ಪದ್ಧತಿ ಈಗಿನದಕ್ಕಿಂತ ಶುಚಿಯಾಗಿತ್ತು. ಬಿತ್ತನೆ ಕಾಯಿಯನ್ನು ಮರಳು ಬೆರೆತ ಒಟ್ಲಿನಲ್ಲಿ ಹೂತು, ವರ್ಷದ ಸಸಿಯನ್ನು ಗುದ್ದಲಿಯಿಂದ ಮೀಟಿ, ಮಣ್ಣು ಕೊಡವಿ, ಉದ್ದ ಬೇರು ಸವರಿ, ಕಾಯಿಯ ಸಮೇತ ಎತ್ತಿನ ಗಾಡಿಗೆ ಹೇರುತ್ತಿದ್ದರು. ತನ್ನ ಬುತ್ತಿಯನ್ನು ಕಾಯಿಯೊಳಗೇ ಇಟ್ಟುಕೊಂಡ ಸಸಿ ಅದು; ನೆರಳಲ್ಲಿಟ್ಟು ಬೇಗ ನೆಟ್ಟರೆ ಮಣ್ಣಿಲ್ಲದೆಯೂ ಕಚ್ಚಿಕೊಳ್ಳುತ್ತದೆ. ಈಗ ಹೈಬ್ರಿಡ್ ಸಸಿಗಳು ಚೀಲದ ಮಣ್ಣಿನ ಸಮೇತ ಪೊಳ್ಳಾಚಿಯಿಂದ, ಕೇರಳದಿಂದ ಮಿನಿ ಲಾರಿಯಲ್ಲಿ ಬರುತ್ತವೆ. ಬೇರು ಅಲುಗುವುದಿಲ್ಲ, ಬೇಗ ಏಳುತ್ತದೆ ಎಂಬುದು ನಿಜವೇ. ಕೊಳ್ಳುವವರು ಗರಿ ಮಗುಚಿ ಬಿಳಿ ನೊಣ ಇದೆಯೇ ಎಂದು ನೋಡುವುದನ್ನು ಕಲಿತಿದ್ದಾರೆ. ಚೀಲ ಹರಿದು ಬುಡದ ಹೆಂಟೆಯನ್ನು ಒಮ್ಮೆ ಒಡೆದು, ಸಿಕ್ಕ ಹುಳು, ಮೊಟ್ಟೆ, ಚಿಪ್ಪನ್ನು ಕೋಳಿಗೆ ಹಾಕಿ, ಆಮೇಲೆ ಗುಂಡಿಗಿಳಿಸಲು ಒಂದು ಸಸಿಗೆ ಎರಡು ನಿಮಿಷ ಸಾಕು.